ದಲಾಲಿ ಅಂಗಡಿಯ ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ

ಮನೆಯ ಹೊಲಸು ನನಗೆ ಹೊಸದಲ್ಲ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಬಚ್ಚಲ ಕಿಂಡಿಯಲ್ಲಿ ಕಟ್ಟಿಕೊಂಡ ಕೂದಲು ಎಳೆದು ತೆಗೆದಿದ್ದೇನೆ. ಹುಳ ಬಿದ್ದ ಜೋಳವನ್ನು ಮಾಳಿಗೆಯ ಬಿಸಿಲಿಗೆ ಹರವಿ ಕೈಯಿಂದಲೇ ಹುಳ ಆರಿಸಿದ್ದೇನೆ. ಮಾವನವರು ಹಾಸಿಗೆ ಹಿಡಿದ ಕಾಲಕ್ಕೆ ಅವರದನ್ನೆಲ್ಲ ಬಳಿದು, ಕೈ ತೊಳೆದುಕೊಂಡು ಬಂದು ರೊಟ್ಟಿ ಬಡಿದಿದ್ದೇನೆ. ಯಾವುದಕ್ಕೂ ಮೂಗು ಮುಚ್ಚಿದವಳಲ್ಲ. ಆದರೆ ಒಂದು ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿ ನೋಡಿದ ದಿನ ಮಧ್ಯಾಹ್ನದ ಊಟ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಈಗ ಬರೆಯುವಾಗಲೂ ನಾಲಿಗೆಯ ಬುಡದಲ್ಲಿ ನೀರೂರುತ್ತಿದೆ. ವಾಂತಿಗೆ ಮುಂಚೆ ಊರುತ್ತದಲ್ಲ, ಆ ನೀರು.

ಏಳೆಂಟು ವರ್ಷಗಳ ಹಿಂದಿನ ಮಾತು. ಗಂಗಾವತಿಯಲ್ಲಿ ನಮ್ಮದು ಭತ್ತದ ದಲಾಲಿ ಅಂಗಡಿ. ಅಂಗಡಿಯನ್ನು ನನ್ನ ಮೈದುನ ನೋಡಿಕೊಳ್ಳುತ್ತಾನೆ, ಮರಳಿ ಊರಿನ ಕಡೆಯಿರುವ ಗದ್ದೆಯನ್ನು ನನ್ನ ಯಜಮಾನರು. ಮನೆಯಲ್ಲಿ ಅತ್ತೆ, ನಾನು, ಮತ್ತೆ ಆ ವರ್ಷ ನಮ್ಮ ಜೊತೆ ಇದ್ದವಳು ನನ್ನ ನಾದಿನಿ. ಈ ಅಣ್ಣಂದಿರಿಬ್ಬರ ಒಬ್ಬಳೇ ತಂಗಿ. ಕುಷ್ಟಗಿ ಕಡೆ ಕೊಟ್ಟಿದ್ದೆವು, ಗಂಡನ ಮನೆ ಬಿಟ್ಟು ಬಂದಿದ್ದಳು. ಯಾಕೆ ಬಿಟ್ಟಳು ಅನ್ನುವುದು ಅವಳ ವಿಷಯ, ನಾನು ಬರೆಯುವುದಿಲ್ಲ. ಅವಳ ಬೆನ್ನಿಗೆ ಎಣ್ಣೆ ಹಚ್ಚಿ ಎರೆದು ಅಲ್ಲಿಯ ಗುರುತು ಕಂಡವಳು ನಾನು, ನನಗೆ ಗೊತ್ತಿದ್ದರೆ ಸಾಕು.

ಆದರೆ ಹಿರಿಯರಿಗೆ ಅಷ್ಟು ಸಾಲುವುದಿಲ್ಲ. ಸುಗ್ಗಿ ಮುಗಿದ ಮೇಲೆ ಕುಷ್ಟಗಿಯವರು ನಾಲ್ಕು ಜನರನ್ನು ಕರೆದುಕೊಂಡು ಬರುತ್ತಾರೆ, ಕೂತು ಮಾತಾಡುತ್ತಾರೆ, ಹುಡುಗಿಯನ್ನು ಕಳಿಸಿಕೊಡುವುದು ಎಂದು ಅವಳನ್ನು ಕೇಳದೆಯೇ ಮಾತಾಗಿತ್ತು. ಮೈದುನನದು ಒಂದೇ ಮಾತು: "ಇಲ್ಲಿ ಕುಂತು ಏನ್ ಮಾಡ್ತಾಳ್ರಿ ವೈನಿ? ಕೈಯಾಗ ಒಂದು ಕೆಲಸಿಲ್ಲ, ಬಗಸಿಲ್ಲ." ನಾದಿನಿ ಆ ಮಾತನ್ನೇ ಹಿಡಿದುಕೊಂಡಳು. ಕೈಯಲ್ಲಿ ಕೆಲಸವಿದ್ದರೆ ತಾನೇ ಹೋಗಲಾರೆ ಅನ್ನಬಹುದು! ಮದುವೆಗೆ ಮುಂಚೆ ಅವಳು ಕನ್ನಡ ಟೈಪಿಂಗ್ ಕಲಿತಿದ್ದಳು. ಬಜಾರಿನ ಒಂದು ಸಣ್ಣ ಪ್ರೆಸ್ಸಿನವರು, "ಲಗ್ನಪತ್ರ ಟೈಪ್ ಮಾಡಿಕೊಟ್ರ ಕೆಲಸ ಭಾಳ ಐತಿ, ಆದ್ರ ಮಷಿನ್ ನಿಮ್ಮದ ಇರಬೇಕು" ಅಂದರು. ಪ್ರೆಸ್ಸಿಗೇ ಹೋಗಿ ಕೂರುವ ಮಾತು ಮನೆಯಲ್ಲಿ ಏಳುವ ಹಾಗಿರಲಿಲ್ಲ. ಗಂಡಸರ ನಡುವೆ, ಅದೂ ಬಜಾರಿನಲ್ಲಿ, ಅದೂ ಅಣ್ಣನ ಅಂಗಡಿಯ ದಾರಿಯಲ್ಲಿ.

ದೀಪಾವಳಿಯ ಪಾಡ್ಯಕ್ಕೆ ಅಂಗಡಿಗೆ ಹೊಸ ಕಂಪ್ಯೂಟರ್ ಬಂತು. ಹಳೆಯ ಲ್ಯಾಪ್‌ಟಾಪನ್ನು ಮೈದುನ ಬಗಲಲ್ಲಿ ಹಿಡಿದುಕೊಂಡು ಬಂದು ತಂಗಿಯ ಮುಂದಿಟ್ಟ.

"ತಗೊ ತಂಗಿ, ಅಂಗಡಿ ಲಕ್ಷ್ಮೀನ ನಿನಗ ಕೊಟ್ಟೀನಿ. ಗೋಡಿ ನೋಡಿಕೋತ ಕುಂದ್ರೂಕಿಂತ ಇದನ್ನ ನೋಡಿಕೋತ ಕುಂದ್ರು."

ಅವಳ ಮುಖ ಅರಳಿತು. ನಾನು ಅದನ್ನು ಒರೆಸೋಣವೆಂದು ಎತ್ತಿಕೊಂಡೆ. ಕೈಗೆ ಜಿಗಿಜಿಗಿ ಅಂಟಿತು.

ಆ ಲ್ಯಾಪ್‌ಟಾಪು ಬದುಕಿದ್ದ ಜಾಗ ಹೇಳಬೇಕು. ದಲಾಲಿ ಅಂಗಡಿಯಲ್ಲಿ ಮೇಜು ಕುರ್ಚಿ ಇರುವುದಿಲ್ಲ. ಗೋಡೆಗೆ ಹತ್ತಿಸಿ ದಪ್ಪ ಹತ್ತಿಯ ಗಾದಿ, ಒರಗಲಿಕ್ಕೆ ಲೋಡು. ಮಾಲೀಕ ಅದರ ಮೇಲೆ ಕಾಲು ಮಡಚಿ ಕೂರುತ್ತಾನೆ, ರೈತರು ಅಂಚಿಗೆ. ಲ್ಯಾಪ್‌ಟಾಪು ವರ್ಷಗಟ್ಟಲೆ ಆ ಗಾದಿಯ ಮೇಲೆಯೇ ಕೂತಿತ್ತು. ಅದರ ಹೊಟ್ಟೆಯ ಕೆಳಗಿನ ಗಾಳಿಕಿಂಡಿಗಳು ಹತ್ತಿಗೆ ಒತ್ತಿಕೊಂಡಿರುತ್ತಿದ್ದವು. ಒಳಗಿನ ಫ್ಯಾನು ಗಾಳಿಯ ಬದಲು ಗಾದಿಯನ್ನೇ ಉಸಿರಾಡುತ್ತಿತ್ತು. ಎದುರಿಗೆ ಚೀಲಗಳು, ಪಕ್ಕದ ಮಿಲ್ಲಿನಿಂದ ಹಾರಿ ಬರುವ ತೌಡು. ಅಲ್ಲೇ ಬೆಳಗಿನ ಒಗ್ಗರಣೆ ಮಂಡಕ್ಕಿ, ಮಿರ್ಚಿ. ಅಲ್ಲೇ ಎಲೆ ಅಡಿಕೆ.

ಇದೆಲ್ಲಕ್ಕಿಂತ ದೊಡ್ಡದು ಪೂಜೆ. ಮೊದಲು ದೀಪಾವಳಿ ಅಮಾವಾಸ್ಯೆಗೆ ಲೆಕ್ಕದ ಪುಸ್ತಕಕ್ಕೆ ಪೂಜೆ ಆಗುತ್ತಿತ್ತು. ಹೊಸ ಪುಸ್ತಕ ಬಿಚ್ಚಿ, ಹಾಳೆಗೆ ವಿಭೂತಿ ಕುಂಕುಮ ಹಚ್ಚಿ, ನಡುವೆ ಹೂವು, ಚಿಟಿಕೆ ಸಕ್ಕರೆ ಇಟ್ಟು ಮುಚ್ಚಿಬಿಡುವುದು. ಲಕ್ಷ್ಮಿ ಕೂತಿರುತ್ತಾಳೆ, ಮರುದಿನದವರೆಗೆ ತೆಗೆಯಬಾರದು. ಪುಸ್ತಕ ಹೋಗಿ ಲ್ಯಾಪ್‌ಟಾಪು ಬಂದಾಗ ಪದ್ಧತಿ ಬದಲಾಗಲಿಲ್ಲ, ಪುಸ್ತಕದ ಜಾಗಕ್ಕೆ ಲ್ಯಾಪ್‌ಟಾಪು ಬಂತು, ಅಷ್ಟೇ. ಅದನ್ನೂ ಪುಸ್ತಕದ ಹಾಗೇ ತೆರೆದು, ಅಕ್ಷರಗಳ ಗುಂಡಿಗಳ ಮೇಲೆ ವಿಭೂತಿ ಬಳಿದು, ಕುಂಕುಮ ಉದುರಿಸಿ, ಸಕ್ಕರೆ ಇಟ್ಟು, ತೀರ್ಥ ಚಿಮುಕಿಸಿ ಮುಚ್ಚಿಬಿಡುತ್ತಿದ್ದರು. ಬೆಳಿಗ್ಗೆ ತೆರೆದು ಮೇಲಿನದನ್ನು ಟವೆಲಿನಿಂದ ಝಾಡಿಸುವರು. ಒಳಗಿಳಿದದ್ದು ಲಕ್ಷ್ಮಿಯ ಪಾಲು. ನಾನೂ ಎಷ್ಟೋ ಸಲ ಆ ಪೂಜೆಗೆ ಆರತಿ ತಟ್ಟೆ ಹಿಡಿದಿದ್ದೇನೆ. ಒಳಗೆ ಏನಾಗುತ್ತಿದೆಯೆಂದು ಆಗ ಯೋಚಿಸಿದವಳಲ್ಲ.

ನಾದಿನಿಯ ಕೈಗೆ ಬಂದ ಮೇಲೆ ಅದು ಶುರುವಾಗಲಿಕ್ಕೆ ಹಿಡಿಯುವ ಹೊತ್ತಿನಲ್ಲಿ ನಾನು ಒಲೆ ಮೇಲೆ ಬೇಳೆ ಇಟ್ಟು ಕುಕ್ಕರ್ ಕೂಗಿಸುತ್ತಿದ್ದೆ. ಶುರುವಾದರೂ ಒಂದಕ್ಷರ ಒತ್ತಿದರೆ ಅದು ತೆರೆಗೆ ಬರುವಷ್ಟರಲ್ಲಿ ಅವಳು ಮುಂದಿನ ಶಬ್ದವನ್ನೇ ಮರೆಯುತ್ತಿದ್ದಳು. ಬಿಸಿಯಾದರೆ ಸುಟ್ಟ ಬೆಲ್ಲದ ವಾಸನೆ. ರಿಪೇರಿ ಅಂಗಡಿಯವನು ಅದನ್ನು ಒಮ್ಮೆ ತಿರುವಿ ನೋಡಿ, "ರ‍್ಯಾಮ್ ಹೆಚ್ಚಿಗಿ ಹಾಕಬೇಕ್ರೀ, ಹಾರ್ಡ್ ಡಿಸ್ಕ್ ತೆಗದು ಎಸ್‌ಎಸ್‌ಡಿ ಹಾಕ್ರಿ, ಓಡ್ತೈತಿ. ಆದ್ರ ಇದನ್ನ ನಾ ಬಿಚ್ಚಂಗಿಲ್ಲ, ನಮ್ಮ ಅಂಗಡ್ಯಾಗ ಇನ್ನೂ ಜಿರಳಿ ಹೊಕ್ಕಿಲ್ಲ" ಎಂದು ಹಿಂದಕ್ಕೆ ಕೊಟ್ಟನಂತೆ. ನಾದಿನಿ ತಾನು ಕೂಡಿಟ್ಟ ದುಡ್ಡಿನಲ್ಲೇ ಆ ಎರಡೂ ಸಾಮಾನು ತರಿಸಿಕೊಂಡಳು. ಫೋನಿನಲ್ಲಿ ವಿಡಿಯೊ ನೋಡಿ ನೋಡಿ ಬಾಯಿಪಾಠ ಮಾಡಿಕೊಂಡಳು.

"ವೈನಿ, ನಾವ ಬಿಚ್ಚೂಣ್ರಿ. ನೀವು ಬರೇ ಹಿಡಕೊಂಡು ಕುಂದ್ರಿ."

ಪಡಸಾಲೆಯಲ್ಲಿ ಹಳೆಯ ಪೇಪರ್ ಹಾಸಿ ಕೂತೆವು. ತಿರುಪುಗಳು ಕಲೆಯಬಾರದು, ಯಾವುದು ಎಲ್ಲಿಯದೆಂದು ಗೊತ್ತಾಗಬೇಕು ಎಂದಳು. ನಾನು ಪಡ್ಡಿನ ಹಂಚು ತಂದಿಟ್ಟೆ. ಒಂದೊಂದು ಗುಳಿಗೆ ಒಂದೊಂದು ಕಡೆಯ ತಿರುಪು. ಬುದ್ಧಿವಂತಿಕೆ ಮಾಡಿದೆ ಅಂದುಕೊಂಡಿದ್ದೆ. ಆ ಹಂಚಿನಲ್ಲಿ ಆಮೇಲೆ ನಾನು ಪಡ್ಡು ಹಾಕಲಿಲ್ಲ, ಹಳೆ ಸಾಮಾನು ಕೊಳ್ಳುವ ಮೋಡಕಾದವನಿಗೆ ಹಾಕಿಬಿಟ್ಟೆ.

ಬ್ಯಾಟರಿ ತೆಗೆದಿಟ್ಟು ಅವಳು ಎದ್ದು ಹೋಗಿ ಕಿಟಕಿಯ ಸರಳು ಮುಟ್ಟಿ ಬಂದಳು. ಹೊರಸಿನ ಮೇಲೆ ಕೂತಿದ್ದ ಅತ್ತೆ ಇದನ್ನೆಲ್ಲ ನೋಡುತ್ತಿದ್ದರು.

"ಕಿಡಕಿಗ್ಯಾಕ ಶರಣು ಮಾಡ್ತಿಯವಾ?"

"ಮೈಯಾಗಿನ ಕರೆಂಟ್ ಹೋಗಬೇಕಬೇ. ಇಲ್ಲಾಂದ್ರ ಸಾಮಾನು ಸುಡ್ತಾವ."

"ನಿನ್ನ ಮೈಯಾಗ ಕರೆಂಟ್ ಐತೇನು? ಹಂಗಾರ ಮೀಟರ್ ತಗಸೂಣೇನು?"

ಬೆನ್ನಿನ ಮುಚ್ಚಳ ಸುಲಭಕ್ಕೆ ಏಳಲಿಲ್ಲ. ತಿರುಪು ಎಲ್ಲ ಬಿಚ್ಚಿದ್ದರೂ ಒಳಗಿನಿಂದ ಏನೋ ಹಿಡಿದುಕೊಂಡಿತ್ತು. ಅವಳು ಹಳೆಯ ಎಟಿಎಂ ಕಾರ್ಡನ್ನು ಅಂಚಿಗೆ ತೂರಿಸಿ ಸುತ್ತ ಎಳೆದಳು. ಪಾಕಕ್ಕೆ ಅಂಟಿದ ತಟ್ಟೆ ಏಳುವಾಗಿನ ಸದ್ದು ಬಂತು, ಚರ್ರನೆ. ಮುಚ್ಚಳ ಎದ್ದಿತು.

ಮೊದಲು ಬಂದದ್ದು ವಾಸನೆ. ಕಮಟು ಹಿಡಿದ ತೌಡು, ಹಳಸಿದ ಸಿಹಿ, ಅದರ ಕೆಳಗೆ ಸತ್ತದ್ದರ ವಾಸನೆ. ಆಮೇಲೆ ಕಣ್ಣಿಗೆ ಕಂಡಿತು. ಫ್ಯಾನು ಅನ್ನುವುದು ಕಾಣಲೇ ಇಲ್ಲ. ಅದರ ಮೇಲೆ ಗಾದಿಯ ಹತ್ತಿಯೂ ತೌಡೂ ಕೂಡಿ ಕಂಬಳಿ ತುಂಡಿನಷ್ಟು ದಪ್ಪಗೆ ಹೆಪ್ಪುಗಟ್ಟಿತ್ತು. ಅತ್ತಿತ್ತ ಕೆಂಪು ಕೆಸರು. ಕುಂಕುಮವೂ ವಿಭೂತಿಯೂ ತೀರ್ಥದಲ್ಲಿ ನೆನೆದು, ಒಣಗಿ, ಮುಂದಿನ ವರ್ಷ ಮತ್ತೆ ನೆನೆದು, ಬಿರುಕು ಬಿಟ್ಟ ಹಕ್ಕಳೆಯಾಗಿ ಕೂತಿತ್ತು. ಕರಗಿದ ಸಕ್ಕರೆ ಕಂದು ಬಣ್ಣದ ಗೋಂದಿನಂತೆ ಹರಿದಿತ್ತು, ಅದರ ತುಂಬ ಇರುವೆಗಳು, ಮುಗಿಬಿದ್ದಲ್ಲೇ ಸತ್ತವು, ಎಳ್ಳು ಹಚ್ಚಿದ ಚಿಕ್ಕಿಯ ಹಾಗೆ. ಇದನ್ನು ಬರೆಯಬಾರದಿತ್ತು, ಆಮೇಲೆ ನಾನು ಎಳ್ಳಿನ ಚಿಕ್ಕಿ ತಿಂದಿಲ್ಲ.

"ವೈನಿ, ಉಸರು ಬಿಡಬ್ಯಾಡ್ರಿ, ಹಾರ್ತೈತಿ."

"ಬಿಡಾಕತ್ತಿಲ್ಲವಾ, ತಡಕೊಂಡೀನಿ."

ಅವಳು ಪೇಂಟಿನ ಬ್ರಷ್ಷಿನಿಂದ ಮೂಲೆ ಕೆದರಿದಳು. ಜಿರಳೆಯ ತತ್ತಿಚೀಲಗಳು ಸಾಲಾಗಿ, ಒಡೆದವು ಕೆಲವು, ಒಡೆಯದವು ಕೆಲವು. ಕಾಲುಗಳು, ರೆಕ್ಕೆಗಳು. ಅವುಗಳ ಹಿಕ್ಕೆ ಚಹಾಪುಡಿಯಂತೆ ಉದುರಿತು. ಒಂದು ಜಿರಳೆ ಜೀವಂತವಿತ್ತು, ಬೆಳಕು ಬಿದ್ದದ್ದೇ ನನ್ನ ಮುಂಗೈ ಮೇಲೆ ಹತ್ತಿ ಹೋಯಿತು. ನಾನು ಕಿರುಚಿದೆನೋ ಇಲ್ಲವೋ ನೆನಪಿಲ್ಲ, ಪಕ್ಕದ ಮನೆಯವರು ಬಂದು ಕೇಳಿಹೋದರು ಅಂದ ಮೇಲೆ ಕಿರುಚಿರಬೇಕು.

"ಇದೇನಿದು, ಬೆಳ್ಳಗ? ಕೊಬ್ಬರಿ ಚೂರೇನು?" ನಾನು ಕೇಳಿದೆ.

"ಉಗುರ್ರಿ ವೈನಿ."

"ಯಾರ್ದು?"

"ಇನ್ಯಾರ್ದು? ಗಾದಿ ಮ್ಯಾಲ ಕುಂತು ಉಗುರು ಕಡಿಯೋರು ಸಣ್ಣಣ್ಣ ಬಿಟ್ರ ಮತ್ಯಾರು?"

ಒಂದಲ್ಲ ಎರಡಲ್ಲ. ಕಾಲಿನವೂ ಇದ್ದವು, ದಪ್ಪಗೆ, ಹಳದಿ. ಜೊತೆಗೆ ಅಡಿಕೆ ಚೂರು, ಮೆಣಸಿನಕಾಯಿ ಬೀಜ, ಹಲ್ಲಿನ ಸಂದಿ ಕೆದಕಿದ ಕಡ್ಡಿಯ ತುದಿ. ಜಿರಳೆಯದು ಜಿರಳೆ ಮಾಡಿದ್ದು, ಅದಕ್ಕೇನು ಗೊತ್ತು. ಇದು ಮನುಷ್ಯನದು. ನಾನು ದಿನಾ ಬಡಿಸಿದ್ದನ್ನು ಉಣ್ಣುವ ಮೈದುನನದು.

ಅತ್ತೆ ಮಗನ ಪರ ಬಂದರು. "ಉಗುರಿಗೆ ಅಷ್ಟ್ಯಾಕ ಹೇಸ್ತೀರಿ? ನಿಮಗ ಉಗುರಿಲ್ಲೇನು?"

"ನಿಮ್ಮ ಮಗಂದ ಅದಾವ್ರಿ ಅತ್ತಿ, ಒಂದು ಬಟ್ಟಲದಾಗ ಹಾಕಿ ಕೊಡ್ಲ್ಯಾ?" ಅಂದೆ. ಇಷ್ಟು ವರ್ಷದಲ್ಲಿ ಅವರಿಗೆ ನಾನು ಆಡಿದ ಬಿರುಸು ಮಾತು ಅದೊಂದೇ ಇರಬೇಕು. ಅತ್ತೆ ಮುಖ ತಿರುವಿದರು. ಆದರೆ ಗಾಳಿಕಿಂಡಿಯ ಬಾಯಲ್ಲಿ ಸಿಕ್ಕಿಕೊಂಡು ಒಣಗಿದ್ದ ಹಲ್ಲಿಮರಿ ಹೊರಗೆ ಬಂದಾಗ ಅವರೂ ಸೆರಗಿನಿಂದ ಮೂಗು ಮುಚ್ಚಿಕೊಂಡರು. "ಹಲ್ಲಿ ಮುಟ್ಟೀರಿ, ಇಬ್ರೂ ತಲಿ ಮ್ಯಾಲ ನೀರ್ ಹಾಕ್ಕೊಳ್ರಿ ಮೊದ್ಲ. ಥೂ, ಇದರ ಮುಂದ ನಾ ದೀಪಾ ಬೆಳಗೀನಿ!"

ತಲೆಗೆ ನೀರು ಹಾಕಿಕೊಳ್ಳುವ ಕೆಲಸ ಸಂಜೆಗೆ ಇಟ್ಟುಕೊಂಡೆವು. ಬ್ರಷ್ಷು, ಹತ್ತಿ, ಸ್ಪಿರಿಟ್ಟು, ರಂಗೋಲಿ ಡಬ್ಬಿಯಲ್ಲಿ ಬಿದ್ದಿದ್ದ ಚೀಲ ಹೊಲಿಯುವ ದಬ್ಬಳ, ಎಲ್ಲ ಬಂತು. ಸಕ್ಕರೆಯ ಗೋಂದನ್ನು ಅವಳು ದಬ್ಬಳದಿಂದ ಎಬ್ಬಿಸುವುದು, ನಾನು ಹತ್ತಿಯಿಂದ ಹಿಡಿಯುವುದು. ಫ್ಯಾನಿನ ಮೇಲಿನ ಕಂಬಳಿ ಇಡಿಯಾಗಿ ಎದ್ದು ಬಂದಾಗ ಅದರ ಒಳಮಗ್ಗುಲು ಹಸಿಯಾಗಿತ್ತು. ಎಲ್ಲಿಂದ ಹಸಿಯೆಂದು ನಾವಿಬ್ಬರೂ ಕೇಳಿಕೊಳ್ಳಲಿಲ್ಲ. ಅವಳು ಒಮ್ಮೆ ಎದ್ದು ಹೋಗಿ ಬಚ್ಚಲಲ್ಲಿ ಕಾರಿಕೊಂಡು ಬಂದು ಮತ್ತೆ ಕೂತಳು.

"ಸಾಕ್ ಬಿಡವಾ, ಬ್ಯಾರೆ ತರೂಣು," ಅಂದೆ.

"ಬ್ಯಾರೆ ತರೂತನ ಸುಗ್ಗಿ ಮುಗೀತೈತ್ರಿ ವೈನಿ. ಅವರು ಬಂದು ಕುಂತಾಗ ಏನ್ ತೋರಸ್ಲಿ? ಇದ ಆಗಬೇಕು."

ಹೊಲಸು ಹೋದ ಮೇಲೆ ಮಿಕ್ಕದ್ದು ಏನೂ ದೊಡ್ಡದಲ್ಲ. ಹಳೆಯ ಹಾರ್ಡ್ ಡಿಸ್ಕು ಎಳೆದು ಅದರ ಜಾಗಕ್ಕೆ ಎಸ್‌ಎಸ್‌ಡಿ ಸರಿಸಿದಳು. ಹಳೆಯ ರ‍್ಯಾಮ್ ತೆಗೆದು ಹೊಸದನ್ನು ಓರೆಯಾಗಿ ತೂರಿಸಿ ಕೆಳಗೊತ್ತಿದಾಗ ಎರಡೂ ಬದಿಯ ಹಿಡಿಗಳು ಟಕ್ ಎಂದು ಕಚ್ಚಿಕೊಂಡವು. ಆ ಸದ್ದಿಗೆ ಅವಳು ನಕ್ಕಳು, ಆ ದಿನದ ಮೊದಲ ನಗು. ತೆಗೆದ ಸಾಮಾನನ್ನು ಪೇಪರಿನಲ್ಲಿ ಸುತ್ತಿಟ್ಟಳು. ಪ್ರೆಸ್ಸಿನವರು ಪೆನ್ ಡ್ರೈವಿನಲ್ಲಿ ಬೇಕಾದದ್ದನ್ನೆಲ್ಲ ತುಂಬಿಸಿಕೊಟ್ಟರು. ಆಮೇಲೆ ಗುಂಡಿ ಒತ್ತಿದರೆ ಒಲೆ ಹಚ್ಚುವಷ್ಟರಲ್ಲಿ ತೆರೆ ಬೆಳಗುತ್ತಿತ್ತು.

ಹೊಟ್ಟೆಯೊಳಗಿಂದ ತೆಗೆದದ್ದನ್ನು ನಾನು ತಿಪ್ಪೆಗೆ ಚೆಲ್ಲಿ ಬಂದೆ. ಕೋಳಿಗಳು ಬಂದು ಕೆದರಿ ನೋಡಿ ಬಿಟ್ಟು ಹೋದವು.

ಆ ಲಗ್ನದ ಸೀಸನ್ನಿಗೆ ಅವಳು ಎಷ್ಟೋ ಮನೆಗಳ ಪತ್ರ ಟೈಪ್ ಮಾಡಿದಳು. ನಾನು ಪಕ್ಕದಲ್ಲಿ ಸೊಪ್ಪು ಸೋಸುತ್ತ ಕೂತು ಕಾಕಾ, ಸೋದರಮಾವ ಎಂದು ಹೆಸರು ಓದಿ ಹೇಳುತ್ತಿದ್ದೆ. ಯಾರ ಹೆಸರು ಮೇಲೆ ಬರಬೇಕೆಂದು ಜಗಳವಾಡಿ ಪ್ರೆಸ್ಸಿಗೆ ಬಂದವರ ತಿದ್ದುಪಡಿ ತಿರುಗಿ ನಮ್ಮ ಮನೆಗೆ ಬರುತ್ತಿತ್ತು, ಅವಳು ಬೇಸರಿಸದೆ ತಿದ್ದುತ್ತಿದ್ದಳು. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲೆ ಇಡಗೊಡುತ್ತಿರಲಿಲ್ಲ. ಮಣೆಯ ಮೇಲೆ ಇಟ್ಟು, ಮೇಲೆ ಒಗೆದ ಬಟ್ಟೆ ಹೊದಿಸುತ್ತಿದ್ದಳು.

ಸುಗ್ಗಿ ಜೋರಾಗಿದ್ದ ಹೊತ್ತು. ಒಂದು ಬೆಳಿಗ್ಗೆ ಮೈದುನ ಮನೆಯಲ್ಲೇ ನಾಷ್ಟಾಕ್ಕೆ ಕೂತಿದ್ದ. ತಟ್ಟೆಯಲ್ಲಿ ಒಗ್ಗರಣೆ ಮಂಡಕ್ಕಿ, ಎಣ್ಣೆ ಸೋರುವ ಮಿರ್ಚಿ. ಎದುರಿಗೆ ನನ್ನ ಯಜಮಾನರು. ಪಡಸಾಲೆಯಲ್ಲಿ ತಂಗಿಯ ಬೆರಳು ಓಡುವುದನ್ನು ಸ್ವಲ್ಪ ಹೊತ್ತು ನೋಡಿದ.

"ಅಲಲಾ, ಭಾಳ ಛಲೋ ಆಗೇತಲ್ಲ ಇದು! ಏ ತಂಗಿ, ಗೋದಾಮಿಗೆ ಒಂದು ಬೇಕಾಗೇತಿ. ತೂಕ ಅಲ್ಲೇ ಬರಕೊಳ್ಳಾಕ. ಇವತ್ತ ಒಯ್ತೀನಿ."

"ಸಣ್ಣಣ್ಣ, ಕೆಲಸ ಐತಿ ಅದರಾಗ. ಕೊಡೂದು ಬಾಕಿ ಅದಾವು."

"ಎಷ್ಟ ದಿನದ ಕೆಲಸ? ಕುಷ್ಟಗಿಯವ್ರು ಬರ್ತಾರ, ನೀ ಹೋಗಾಕಿ. ಅಲ್ಲಿಗೇನು ಇದನ್ನ ಕಟಗೊಂಡು ಹೊಕ್ಕಿ?"

ನಾನು ಯಜಮಾನರ ಮುಖ ನೋಡಿದೆ. ಅವರು ಮಿರ್ಚಿಯ ತೊಟ್ಟು ಮುರಿಯುತ್ತಿದ್ದರು. ಮೈದುನ ಎದ್ದ. ಕೈ ತೊಳೆಯಲಿಲ್ಲ. ಹೋಗಿ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ಎತ್ತಲು ಹೋದ, ಅವನ ಐದೂ ಬೆರಳಿನ ಎಣ್ಣೆ ಅದರ ಬೆನ್ನ ಮೇಲೆ ಮೂಡಿತು, ಒಂದು ಹಳದಿ ಮಂಡಕ್ಕಿ ಅಲ್ಲೇ ಅಂಟಿಕೊಂಡಿತು. ಬಿಚ್ಚಿದ ದಿನ ಒಳಗಿನ ಹೊಲಸು ನೋಡಿ ಹೇಸಿದ್ದೆ. ಆ ಐದು ಬೆರಳಿನ ಗುರುತಿಗೆ ಹೇಸಿದಷ್ಟು ಅದಕ್ಕೂ ಹೇಸಿರಲಿಲ್ಲ.

"ತಡಿ," ಅಂದಳು ನಾದಿನಿ. "ಕೊಡ್ತೀನಿ."

ಸ್ಕ್ರೂಡ್ರೈವರ್ ತಂದು ಅವನ ತಟ್ಟೆಯ ಪಕ್ಕದಲ್ಲೇ ಕೂತಳು. ಮೊದಲ ದಿನ ನಮ್ಮನ್ನು ಅಷ್ಟು ಕಾಡಿದ್ದ ಮುಚ್ಚಳ ಈಗ ಸದ್ದಿಲ್ಲದೆ ಎದ್ದಿತು.

"ಏ, ಅದನ್ಯಾಕ ಬಿಚ್ಚಾಕತ್ತಿ?"

"ನಂದು ನಾ ತಗೋತೀನಿ ಸಣ್ಣಣ್ಣ. ನಿಂದು ನೀ ತಗೊ."

"ಅಯ್ಯ, ಮನಿಯೊಳಗ ನಂದು ನಿಂದು ಏನಬೇ?" ಎಂದ. ಅವಳು ರ‍್ಯಾಮು, ಎಸ್‌ಎಸ್‌ಡಿ ಎರಡನ್ನೂ ತೆಗೆದು, ಪೇಪರಿನಲ್ಲಿ ಸುತ್ತಿಟ್ಟಿದ್ದ ಹಳೆಯವನ್ನು ಮತ್ತೆ ಕೂರಿಸಿ, ತಿರುಪು ಬಿಗಿದು ಅವನ ಮುಂದೆ ಸರಿಸಿದಳು. ಮೈದುನ ಅಣ್ಣನ ಕಡೆ ತಿರುಗಿ, "ನೋಡಪಾ, ಹೆಂಗದಾಳ ನಿನ್ನ ತಂಗಿ," ಎಂದ. ಯಜಮಾನರು ಮೊದಲ ಸಲ ಬಾಯಿ ತೆರೆದರು: "ಕೈ ತೊಳಕೊಂಡರ ಮುಟ್ಟಬೇಕಿಲ್ಲೋ?" ಅಷ್ಟೇ ಅಂದರು. ಆಡಬೇಕಾದ್ದು ಬೇರೆ ಇತ್ತು, ಅವರಿಂದ ಬಂದದ್ದು ಅಷ್ಟು.

ಆ ಮಧ್ಯಾಹ್ನ ನಾದಿನಿ ಎರಡೂ ಸಾಮಾನನ್ನು ಪರ್ಸಿನಲ್ಲಿ ಹಾಕಿಕೊಂಡು ಪ್ರೆಸ್ಸಿಗೆ ಹೋದಳು. ಯಾರನ್ನೂ ಕೇಳಲಿಲ್ಲ. ನಾನು ಬಾಗಿಲಲ್ಲಿ ಛತ್ರಿ ಕೊಟ್ಟೆ, ಬಿಸಿಲಿತ್ತು. ಪ್ರೆಸ್ಸಿನವರು ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿಗೆ ಅವಳ ಎಸ್‌ಎಸ್‌ಡಿ ಜೋಡಿಸಿ ಕುರ್ಚಿ ಹಾಕಿಕೊಟ್ಟರು. ರ‍್ಯಾಮು ಅದಕ್ಕೆ ಕೂಡಲಿಲ್ಲವಂತೆ, ಅಳತೆ ಬೇರೆ. ಮರುದಿನದಿಂದ ಅವಳು ದಿನಾ ಡಬ್ಬಿ ಕಟ್ಟಿಕೊಂಡು, ಅಣ್ಣನ ಅಂಗಡಿಯ ಮುಂದೆಯೇ ಹಾದು ಹೋಗತೊಡಗಿದಳು. ಮೈದುನ ಒಂದೆರಡು ದಿನ ಮನೆಯಲ್ಲಿ ಹಾರಾಡಿದ. "ಬಜಾರದಾಗ ತಲಿ ಎತ್ತಲಾರದಂಗ ಮಾಡ್ಯಾಳ" ಎಂದ. ಮನೆಯಲ್ಲೇ ಕೂತು ಮಾಡುತ್ತಿದ್ದ ಕೆಲಸವನ್ನು ಬಜಾರಿಗೆ ಹಚ್ಚಿದವನು ನೀನೇ ಅಲ್ಲವೇನಪ್ಪಾ ಎಂದು ನಾನು ಕೇಳಿದ್ದಕ್ಕೆ ಎದ್ದು ಅಂಗಡಿಗೆ ಹೋದ.

ಸ್ವಲ್ಪ ದಿನಕ್ಕೆ ಲ್ಯಾಪ್‌ಟಾಪು ಹಿಡಿದುಕೊಂಡು ನನ್ನ ಅಡುಗೆಮನೆಯ ಬಾಗಿಲಿಗೆ ಬಂದ. ಗೋದಾಮಿನ ಹೊಟ್ಟು ಆಗಲೇ ಗುಂಡಿಗಳ ಸಂದಿಯಲ್ಲಿ ತುಂಬಿತ್ತು.

"ವೈನಿ, ಭಾಳ ಸುಸ್ತಾಗೇತ್ರಿ ಇದು. ನೀವು ಅವತ್ತ ಬಿಚ್ಚಿ ತೊಳದ್ರಲ್ಲ, ಹಂಗ ಇನ್ನೊಮ್ಮಿ…"

"ನಾ ಮುಟ್ಟಂಗಿಲ್ಲಪಾ," ಅಂದೆ. ಕೈಯಲ್ಲಿ ಹಿಟ್ಟಿತ್ತು. ಹಿಟ್ಟಿಲ್ಲದಿದ್ದರೂ ಮುಟ್ಟುತ್ತಿರಲಿಲ್ಲ.

ಕುಷ್ಟಗಿಯವರು ಬಂದದ್ದು ಸುಗ್ಗಿಯ ಧೂಳು ಇಳಿದ ಮೇಲೆ. ಅವಳ ಮಾವ, ಮತ್ತಿಬ್ಬರು ಹಿರಿಯರು. ಪಡಸಾಲೆಯಲ್ಲಿ ಜಮಖಾನೆ ಹಾಸಿದೆವು. ಅವರು ಬರುವ ಸುದ್ದಿ ನಾದಿನಿಗೆ ಗೊತ್ತಿತ್ತು. ಬೆಳಿಗ್ಗೆ ನಾನು ಕೇಳಿದ್ದೆ, "ಇವತ್ತೊಂದಿನ ಮನ್ಯಾಗ ಇರ್ತೀಯೇನವಾ?" ಅವಳು ಜಡೆ ಹಾಕಿಕೊಳ್ಳುತ್ತ, "ಯಾಕ್ರಿ ವೈನಿ? ರಜಾ ಇಲ್ಲಲ್ಲ," ಎಂದು ಡಬ್ಬಿ ತೆಗೆದುಕೊಂಡು ಹೋಗಿದ್ದಳು.

ಚಹಾ ಕೊಟ್ಟೆ. ಹಿರಿಯರಲ್ಲಿ ಒಬ್ಬರು ಬಾಯಿತುಂಬ ಎಲೆಯಡಿಕೆ ಇಟ್ಟುಕೊಂಡೇ ಚಹಾ ಕುಡಿದರು. ಕಪ್ಪಿನ ಅಂಚಿಗೆ ಕೆಂಪು ಜೊಲ್ಲು ಇಳಿದದ್ದು ಕಂಡು ನಾನು ಗೋಡೆ ನೋಡಿದೆ.

"ಹುಡಿಗಿ ಎಲ್ಲೈತ್ರಿ?" ಎಂದು ಅವಳ ಮಾವ ಕೇಳಿದರು.

ಮೈದುನ ನೆಲ ನೋಡಿದ. ಯಜಮಾನರು ಗಂಟಲು ಸರಿ ಮಾಡಿಕೊಂಡರು. ಅತ್ತೆ ನನ್ನನ್ನು ನೋಡಿದರು.

"ಕೆಲಸಕ್ಕ ಹೋಗ್ಯಾಳ್ರಿ," ಅಂದೆ.

"ಕೆಲಸಕ್ಕ? ಎಷ್ಟೊತ್ತಿಗೆ ಬರ್ತಾಳ?"

"ಹೇಳಾಕ ಬರಂಗಿಲ್ರಿ. ಲಗ್ನದ ಸೀಸನ್ ಐತಿ."

ಅವರು ಸಂಜೆಯವರೆಗೆ ಕೂತರು. ಮಾತು ಮಳೆಗೆ ಹೋಯಿತು, ಕಾಲುವೆ ನೀರಿಗೆ ಹೋಯಿತು, ಧಾರಣೆಗೆ ಹೋಯಿತು. ಎದುರಿಗೆ ಇಲ್ಲದವಳನ್ನು ಕಳಿಸಿಕೊಡಿ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಎರಡನೆಯ ಚಹಾಕ್ಕೆ ಅವಳ ಮಾವ ಬೇಡವೆಂದು ಕೈಯಾಡಿಸಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಚಪ್ಪಲಿ ಮೆಟ್ಟಿದರು. ನಾನು ಎಲೆಯಡಿಕೆಯ ಕಪ್ಪನ್ನು ಬೆರಳ ತುದಿಯಲ್ಲಿ ಹಿಡಿದು ಹಿತ್ತಲಿಗೆ ಒಯ್ದು ಬೂದಿ ಹಾಕಿ ತಿಕ್ಕುತ್ತ ಕೂತೆ. ಅವಳು ಇನ್ನೂ ಪ್ರೆಸ್ಸಿನಿಂದ ಬಂದಿರಲಿಲ್ಲ.